ಗಟ್ಟಿ ಆಯಿಲ್, ತೆಳು ಆಯಿಲ್

ಮೊನ್ನೆ ದೊಡ್ಡಬಳ್ಳಾಪುರದಲ್ಲಿ, ಬಸ್ ನಿಲ್ದಾಣದ ಹಿಂದಿರುವ ಆಯಿಲ್ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವರು ನನ್ನ ಮುಖವನ್ನೂ ನೋಡದೆ ಡಬ್ಬಗಳ ಕಡೆ ತಿರುಗಿ, "ಗಟ್ಟೀದು ಕೊಡ್ಲಾ ಸಾರ್, ತೆಳ್ಳಂದು ಕೊಡ್ಲಾ?" ಎಂದು ಕೇಳಿದರು. ಹಾಲಿನವನು ಅರ್ಧ ಲೀಟರೋ ಒಂದು ಲೀಟರೋ ಎಂದು ಕೇಳುವಷ್ಟೇ ಸಲೀಸಾಗಿ. ನಾನು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದೆ. ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಅಪ್ಪ ತಟ್ಟೆಯ ಮುಂದಿನಿಂದ ಎದ್ದುಹೋಗುತ್ತಾರೆ, ಅಮ್ಮ ಅಡುಗೆಮನೆಗೆ ಹೋಗಿ ಇಲ್ಲದ ಪಾತ್ರೆ ತೊಳೆಯುತ್ತಾಳೆ. ನೀವು ನಗಬಹುದು. ಎಂಜಿನ್ ಆಯಿಲ್ಲಿಗೆ ಇಷ್ಟೆಲ್ಲ ಮರ್ಯಾದೆಯೇ ಎನ್ನಬಹುದು. ಮೊದಮೊದಲು ನಮಗೂ ನಗುವೇ ಬರುತ್ತಿತ್ತು.

ನಾನು ಆ ಅಂಗಡಿಗೆ ಹೋಗಬೇಕಾಗಿ ಬಂದದ್ದು ಹೆಂಡತಿಯ ದೆಸೆಯಿಂದ. ಮನೆ ಪಕ್ಕದ ಜಾಗದಲ್ಲಿ ಅವಳು ಗಿಡಗಳ ನರ್ಸರಿ ಇಟ್ಟಿದ್ದಾಳೆ. ಯಲಹಂಕದ ಅಪಾರ್ಟ್‌ಮೆಂಟಿನವರಿಗೆ ಗಿಡ ಬೇಕು, ಆದರೆ ಕುಂಡ ಅವರ ಬಾಗಿಲಿಗೇ ಬಂದು ಕೂರಬೇಕು. ಬಾಡಿಗೆ ಗಾಡಿಯವರು ಗಿಡಗಳನ್ನು ಕುತ್ತಿಗೆ ಹಿಡಿದು ಇಳಿಸುತ್ತಾರೆಂದು ಸಿಟ್ಟಾಗಿ ಅವಳೇ ಓಡಾಡಿ ಒಂದು ಹಳೆಯ ಪಿಕಪ್ ಕೊಂಡಳು. ರಜಾದಿನ ಅದನ್ನು ಓಡಿಸುವುದು ನನ್ನ ಪಾಲಿಗೆ ಬಂತು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೂದಲು ಬೆಳ್ಳಗಾಗುವ ತನಕ ಬಿಡಿಭಾಗಗಳ ನಡುವೆಯೇ ಕೂತವನು ನಾನು. ಆದರೂ ಬಾನೆಟ್ ಎತ್ತಿದರೆ ಒಳಗಿರುವುದೆಲ್ಲ ನನಗೆ ಒಂದೇ ಥರ ಕಾಣುತ್ತದೆ. ಏನೋ ತಿಳಿದವನ ಹಾಗೆ ತಲೆಯಾಡಿಸಿ ಮುಚ್ಚಿಬಿಡುತ್ತೇನೆ.

ಹಿಂದೆ ನಮ್ಮಲ್ಲಿ ಇನ್ನೊಂದು ಪಿಕಪ್ ಇತ್ತು. ನಮ್ಮದು ಎಂದರೆ ಅರ್ಧ ಅಪ್ಪನದು, ಅರ್ಧ ಮುನಿರಾಜು ಮಾವನದು. ಮಾವ ಅಮ್ಮನ ಒಬ್ಬನೇ ತಮ್ಮ. ದೊಡ್ಡಬಳ್ಳಾಪುರದಿಂದ ಘಾಟಿ ದೇವಸ್ಥಾನಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು. ಕೆರೆ ಏರಿಯ ಮೇಲೆ ನಡೆದು ಆ ಕಡೆ ಇಳಿದರೆ ಮಾವನ ಊರು. ಅಮ್ಮನ ತವರು ಎಷ್ಟು ಹತ್ತಿರವೆಂದರೆ ಒಲೆಯ ಮೇಲೆ ಬೇಳೆ ಇಟ್ಟು, ಹೋಗಿ ಒಂದು ಮಾತಾಡಿ, ಬೇಳೆ ಬೇಯುವ ಹೊತ್ತಿಗೆ ವಾಪಸ್ ಬರಬಹುದಿತ್ತು. ಬರುತ್ತಲೂ ಇದ್ದಳು. ಬೇಳೆ ಸೀದದ್ದೂ ಉಂಟು.

ಮಾವ ಸೇವಂತಿಗೆ ಬೆಳೆಯುತ್ತಿದ್ದ. ಬೆಳಗಿನ ಜಾವ ಗಾಡಿ ಅವನದು. ತನ್ನ ತೋಟದ್ದು, ಅಕ್ಕಪಕ್ಕದವರದ್ದು ಎಲ್ಲ ಹೂವಿನ ಮೂಟೆ ಹೇರಿಕೊಂಡು ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗಿ, ಬಿಸಿಲೇರುವಷ್ಟರಲ್ಲಿ ಬಂದು ನಮ್ಮ ಮನೆ ಮುಂದೆ ನಿಲ್ಲಿಸುತ್ತಿದ್ದ. ಅಲ್ಲಿಂದ ಸಂಜೆಯವರೆಗೆ ಗಾಡಿ ಅಪ್ಪನದು. ಬಾಶೆಟ್ಟಿಹಳ್ಳಿಯ ಸುತ್ತ ಕಾರ್ಖಾನೆ ಕೆಲಸದವರಿಗೆಂದು ಸಾಲುಸಾಲಾಗಿ ಬಾಡಿಗೆ ಮನೆ ಏಳುತ್ತಿದ್ದ ಕಾಲವದು. ಅಪ್ಪ ಅವಕ್ಕೆ ಸಿಮೆಂಟ್ ಇಟ್ಟಿಗೆ ಸಾಗಿಸುತ್ತಿದ್ದರು, ಗಾಡಿ ತಡೆಯುವುದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ. ಕೀಲಿಕೈ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಹೊತ್ತಿನಲ್ಲಿ ಇಬ್ಬರೂ ಹಜಾರದಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದರು. ಅಪ್ಪ ಹೊರಗಿನವರೊಂದಿಗೆ ಅಳೆದು ತೂಗಿ ಮಾತಾಡುವ ಮನುಷ್ಯ. ಮಾವನ ಮುಂದೆ ಮಾತ್ರ ಬಾಯ್ತುಂಬ ನಗುತ್ತಿದ್ದರು. ಅಪ್ಪನ ಹಲ್ಲಿನ ಸಾಲು ನಾನು ಸರಿಯಾಗಿ ನೋಡಿದ್ದೇ ಆ ಊಟದ ಹೊತ್ತಿನಲ್ಲಿ.

ಇಂಥವರ ನಡುವೆ ಆಯಿಲ್ ಬಂತು. ಮಾಗಿಯ ಚಳಿಯಲ್ಲಿ ನಮ್ಮ ಕಡೆ ಮಂಜು ಸುರಿಯುತ್ತದೆ, ಕೆರೆ ಪಕ್ಕವಂತೂ ಕೇಳಲೇಬೇಡಿ. ಆ ಹೊತ್ತಿನಲ್ಲಿ ಎಷ್ಟು ತಿರುಗಿಸಿದರೂ ಎಂಜಿನ್ ಮುಲುಗುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ಮಾವ ಉಣ್ಣುತ್ತಾ ಹೇಳಿದ: "ಭಾವ, ನೀವ್ ಹಾಕ್ಸಿರೋದು ಆಯಿಲ್ ಅಲ್ಲ, ಹರಳೆಣ್ಣೆ. ಸೆಲ್ಫ್ ಹೊಡ್ದೂ ಹೊಡ್ದೂ ಬ್ಯಾಟ್ರಿ ಸತ್ತೋಯ್ತದೆ. ಈ ಸಲ ತೆಳ್ಳಂದು ಹಾಕ್ಸೋಣ."

ಅಪ್ಪ ಒಪ್ಪಲಿಲ್ಲ. "ತೆಳ್ಳಂದು ಹಾಕಿದ್ರೆ ಮಧ್ಯಾಹ್ನ ಲೋಡ್ ಮೇಲೆ ನೀರಾಗ್ಬಿಡ್ತದೆ ಕಣಯ್ಯಾ. ಹೋದ್ ಬೇಸ್ಗೇಲಿ ಗಟ್ಟೀದಿದ್ರೂ ದಿಣ್ಣೆ ಹತ್ತೋವಾಗ ಆಯಿಲ್ದು ಕೆಂಪು ಲೈಟು ಮಿಣಕ್ ಮಿಣಕ್ ಅಂತಿತ್ತು. ಎಂಜಿನ್ ಹಿಡ್ಕೊಂಡು ನಿಂತೋದ್ರೆ ನಿನ್ ಹೂವ ಮಾರಿ ಸರಿ ಮಾಡ್ಸಕ್ಕಾಯ್ತದಾ?"

"ಗಾಡಿ ಎದ್ರೆ ತಾನೇ ಭಾವ ದಿಣ್ಣೆ ಹತ್ತೋದು?" ಎಂದ ಮಾವ. ಇಬ್ಬರೂ ನಕ್ಕರು. ಅಮ್ಮ ಸಾರು ಬಡಿಸುತ್ತಾ, "ನಿಮ್ಮಿಬ್ರ ಗಾಡಿಗೂ ನನ್ ಒಗ್ಗರಣೆ ಎಣ್ಣೆನೇ ಹುಯ್ರಿ, ಸರಿಹೋಯ್ತದೆ" ಎಂದಳು. ಆ ನಗು ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಿಲ್ಲಲಿಲ್ಲ. ಆಯಿಲ್ ಬದಲಿಸುವ ಸರದಿ ಮಾವನದಾದರೆ ಅವನು ತೆಳುವಾದದ್ದನ್ನು ಹಾಕಿಸಿಕೊಂಡು ಬರುತ್ತಿದ್ದ. ಅಪ್ಪ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು, ತುದಿಯಲ್ಲಿದ್ದದ್ದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಅಮ್ಮ ಬೆಲ್ಲದ ಪಾಕದ ಎಳೆ ನೋಡುವ ಹಾಗೆ ಎಳೆದು ನೋಡುತ್ತಿದ್ದರು. "ಇದಕ್ಕೆ ಜೀವಾನೇ ಇಲ್ಲ" ಎಂದು ಗೊಣಗಿ, ಸೀಟಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ತಮ್ಮ ಡಬ್ಬದಿಂದ ಒಂದಿಷ್ಟು ಗಟ್ಟಿಯದನ್ನು ಸುರಿಯುತ್ತಿದ್ದರು. ಅಪ್ಪನ ಸರದಿಯಾದರೆ ಮಾವನೂ ಅದನ್ನೇ ಮಾಡುತ್ತಿದ್ದ. ಅವನ ಡಬ್ಬ ಹೂವಿನ ತಾಡಪಾಲಿನ ಕೆಳಗೆ. ಒಬ್ಬರು ಬಚ್ಚಿಟ್ಟದ್ದು ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಪಾಪ, ಆ ಎಂಜಿನ್ನಿಗೆ ತಾನು ಯಾರ ಮನೆಯ ಊಟ ಉಣ್ಣುತ್ತಿದ್ದೇನೆಂದೇ ತಿಳಿಯುತ್ತಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ನನಗೆ ಇದೆಲ್ಲ ತಮಾಷೆ. ಗೆಳೆಯರ ಮುಂದೆ ಇಬ್ಬರ ಧ್ವನಿಯನ್ನೂ ಅಣಕಿಸಿ ತೋರಿಸುತ್ತಿದ್ದೆ.

ಧನುರ್ಮಾಸದಲ್ಲಿ ದೇವಸ್ಥಾನಗಳಿಗೆ ಹೂವು ಎಷ್ಟಿದ್ದರೂ ಸಾಲದು. ಅಂಥದ್ದೊಂದು ಬೆಳಿಗ್ಗೆ ಗಾಡಿ ಏಳಲೇ ಇಲ್ಲ. ಮಾವ ನಾಲ್ಕು ಜನರನ್ನು ಎಬ್ಬಿಸಿ ತಳ್ಳಿಸಿದ, ಬಿಸಿನೀರು ತಂದು ಸುರಿದ, ಊರಿನವರ ಟ್ರ್ಯಾಕ್ಟರ್ ಕಟ್ಟಿ ಎಳೆಸಿದ. ಎಂಜಿನ್ ಎದ್ದಾಗ ಬೆಳಕು ಹರಿದಿತ್ತು. ಮಾರ್ಕೆಟ್ಟಿಗೆ ಹೋದಾಗ ಕೊಳ್ಳುವವರು ಕೊಂಡು ಹೋಗಿಯಾಗಿತ್ತು. ಬೇರೆಯವರು ನಂಬಿ ಕೊಟ್ಟ ಹೂವೂ ಅದರಲ್ಲಿತ್ತು. ಅವನು ಮೂಟೆಗಳನ್ನು ಹಾಗೇ ವಾಪಸ್ ತಂದು ನಮ್ಮ ಅಂಗಳದಲ್ಲಿ ಇಳಿಸಿದ. ಅಪ್ಪ ಹೊರಗೆ ಬಂದರು. ಜೊತೆಗೆ ಇಟ್ಟಿಗೆ ಹೊರುವ ಆಳುಗಳೂ, ದಾರಿಯಲ್ಲಿ ಹೋಗುತ್ತಿದ್ದ ನಾಲ್ಕಾರು ಜನರೂ ನಿಂತರು. ಅವರು ನಿಂತದ್ದೇ ಕೆಟ್ಟದ್ದಾಯಿತೇನೋ.

"ನೋಡಿ ಭಾವ, ನಿಮ್ ಗಟ್ಟಿ ಆಯಿಲ್ ಮಾಡಿರೋ ಕೆಲ್ಸ" ಎಂದ ಮಾವ.

"ನೀನ್ ಕಳ್ಳತನದಲ್ಲಿ ಬೆರ್ಸಿ ಬೆರ್ಸಿ ಎಂಜಿನ್ ಹಾಳ್ ಮಾಡಿದ್ದು. ಹೂವ ಹೊರೋನಿಗೆ ಎಂಜಿನ್ ಏನ್ ಗೊತ್ತಾಯ್ತದೆ?" ಎಂದರು ಅಪ್ಪ.

ಮಾವನ ಮುಖ ಕೆಂಪಾಯಿತು. ಮೊದಲ ಬಾರಿಗೆ ಅವನು 'ಭಾವ' ಎಂಬುದನ್ನು ಬಿಟ್ಟು ಮಾತಾಡಿದ: "ಇಟ್ಟಿಗೆ ಹೊತ್ತೂ ಹೊತ್ತೂ ನಿಮ್ ಮನಸ್ಸೂ ಕಲ್ಲಾಗೋಗೈತೆ." ಕೀಲಿಕೈಯನ್ನು ಬಾನೆಟ್ ಮೇಲಿಟ್ಟು ಕೆರೆ ಏರಿಯ ಕಡೆ ನಡೆದುಬಿಟ್ಟ. ಅಮ್ಮ ಅವನ ಹಿಂದೆಯೇ ಒಂದಷ್ಟು ದೂರ ಹೋಗಿ, ಕರೆದು, ನಿಂತು, ತಿರುಗಿ ಬಂದಳು. ಹೂವು ಅಂಗಳದಲ್ಲೇ ಬಾಡಿತು. ದನಗಳೂ ಅಷ್ಟು ತಿನ್ನಲಿಲ್ಲ.

ನಾಲ್ಕು ದಿನ ಕಳೆದರೆ ಸರಿಹೋಗುತ್ತದೆಂದುಕೊಂಡೆವು. ಹೋಗಲಿಲ್ಲ. ಊರಿನವರು ಒಬ್ಬೊಬ್ಬರು ಒಂದೊಂದು ಕಥೆ ಕಟ್ಟಿದರು: ಜಮೀನಿನ ಪಾಲಿನ ವಿಷಯವಂತೆ, ಹೆಂಗಸರ ಮಾತಂತೆ, ಲೆಕ್ಕದಲ್ಲಿ ಮೋಸವಂತೆ. ಆಯಿಲ್ಲಿಗೆ ಜಗಳವಾಯಿತು ಎಂದರೆ ಯಾರೂ ನಂಬುತ್ತಿರಲಿಲ್ಲ. ಆದರೆ ನಿಜವಾಗಿಯೂ ಅದರ ಹಿಂದೆ ಬೇರೇನೂ ಇರಲಿಲ್ಲ. ನಾನು ಅಮ್ಮನಿಗೆ, ಊರ ಹಿರಿಯರನ್ನು ಕೂರಿಸಿ ಮಾತಾಡಿಸಬಾರದೇ ಎಂದೆ. ಅಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಜಮೀನ್ ಜಗಳ ಆಗಿದ್ರೆ ಕೂರ್ಸಬಹುದಿತ್ತು ಕಣಪ್ಪಾ. ದುಡ್ಡಿನ್ ಜಗಳ ಆಗಿದ್ರೂ ಕೂರ್ಸಬಹುದಿತ್ತು. ಆಯಿಲ್ ಗಟ್ಟಿನೋ ತೆಳ್ಳಗೋ ಅಂತ ಯಾರ್ ಬಂದು ಪಂಚಾಯ್ತಿ ಮಾಡ್ತಾರೆ? ನಗ್ತಾರೆ" ಎಂದಳು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ದೊಡ್ಡ ಜಗಳಕ್ಕೆ ಒಂದು ದಾರಿಯಿದೆ. ಜನ ಸೇರುತ್ತಾರೆ, ಒಬ್ಬರಿಗೆ ಬುದ್ಧಿ ಹೇಳುತ್ತಾರೆ, ಇನ್ನೊಬ್ಬರ ಕೈ ಹಿಡಿದು ಕರೆತರುತ್ತಾರೆ, ಕೊನೆಗೆ ಒಟ್ಟಿಗೆ ಕೂರಿಸಿ ಊಟ ಹಾಕುತ್ತಾರೆ. ಇಷ್ಟು ಚಿಕ್ಕ ಜಗಳಕ್ಕೆ ಯಾರು ಬರುತ್ತಾರೆ? ನಾಚಿಕೆಯಿಂದ ಯಾರಿಗೂ ಹೇಳದೆ ಮುಚ್ಚಿಟ್ಟೆವು. ಮುಚ್ಚಿಟ್ಟದ್ದು ಹಾಗೇ ಉಳಿಯಿತು.

ಗೌರಿ ಹಬ್ಬಕ್ಕೆ ಮಾವ ಬಾಗಿನ ತಪ್ಪಿಸಲಿಲ್ಲ, ಅದನ್ನು ಹೇಳಲೇಬೇಕು. ಮೊದಲಾಗಿದ್ದರೆ ಪಿಕಪ್ಪಿನಲ್ಲೇ ಬಂದು, ಬೀದಿಯ ತುದಿಯಿಂದಲೇ ಹಾರನ್ ಹೊಡೆದು, "ಅಕ್ಕೋ" ಎಂದು ಕೂಗುತ್ತಿದ್ದ. ಆ ವರ್ಷದಿಂದ ಮೊರದ ಬಾಗಿನ ಮಾವನ ಹೆಂಡತಿ ಅತ್ತೆಯ ಕೈಯಲ್ಲಿ ಬರತೊಡಗಿತು. ಅಮ್ಮ ಪ್ರತಿ ಸಲವೂ ಅತ್ತೆಯ ಹೆಗಲಾಚೆಗೊಮ್ಮೆ ಬೀದಿಯನ್ನು ನೋಡಿ, ಆಮೇಲೆ ಬಾಗಿನಕ್ಕೆ ಕೈ ಚಾಚುತ್ತಿದ್ದಳು. ಅವಳು ತವರಿಗೆ ಹೋಗುವುದನ್ನು ಅಪ್ಪ ಬೇಡವೆಂದವರಲ್ಲ. ಅವಳೇ ಹೋಗುವುದನ್ನು ಕಡಿಮೆ ಮಾಡಿದಳು. ಅಲ್ಲಿಗೆ ಹೋದರೆ ಗಂಡನ ಪರ, ಇಲ್ಲಿ ಬಂದರೆ ತಮ್ಮನ ಪರ ಎಂಬ ಮಾತು ಕೇಳಬೇಕಾಗುತ್ತಿತ್ತು. ಅಷ್ಟು ಹತ್ತಿರದ ತವರು ಕೊನೆಗೆ ಅವಳಿಗೆ ಮದುವೆ ಮುಂಜಿಗೆ ಮಾತ್ರ ಹೋಗುವ ಊರಾಯಿತು.

ಗಾಡಿಯನ್ನು ದಾಬಸ್‌ಪೇಟೆಯ ಕಡೆಯವರೊಬ್ಬರಿಗೆ ಮಾರಿದರು. ಎಷ್ಟೋ ವರ್ಷದ ಮೇಲೆ ಕಾರ್ಖಾನೆಯ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾಗ, ಹೆದ್ದಾರಿ ಪಕ್ಕದ ಟೀ ಅಂಗಡಿಯ ಮುಂದೆ ನಮ್ಮ ಪಿಕಪ್ ನಿಂತಿತ್ತು. ಬಣ್ಣ ಬದಲಾಗಿತ್ತು, ಬಾಗಿಲ ಮೇಲಿನ ತಗ್ಗು ನಮ್ಮದೇ. ಹಿಂದೆ ನೀರಿನ ಕ್ಯಾನುಗಳು. ನಾನು ಚಾಲಕರ ಬಳಿ ಹೋಗಿ, ಗಾಡಿ ಹೇಗಿದೆ ಎಂದು ವಿಚಾರಿಸಿದೆ. "ಬಂಡೆ ಇದ್ದಂಗದೆ ಗುರು, ಒಂದಿನಾನೂ ಕೈ ಕೊಟ್ಟಿಲ್ಲ" ಎಂದರು. ತಡೆಯಲಾರದೆ, ಯಾವ ಆಯಿಲ್ ಹಾಕುತ್ತೀರಿ ಎಂದೂ ಕೇಳಿದೆ. ಅವರು ಲೋಟದ ತಳದ ಟೀ ಚೆಲ್ಲಿ, "ಅಂಗ್ಡೀಲಿ ಯಾವ್ದು ಕೊಡ್ತಾನೋ ಅದು" ಎಂದರು. ನಾನು ಈ ಸುದ್ದಿಯನ್ನು ಮನೆಯಲ್ಲಿ ಹೇಳಲಿಲ್ಲ. ಯಾರಿಗೆ ಹೇಳಿದರೂ ಹೊಟ್ಟೆ ಉರಿಯುವ ಸುದ್ದಿ ಅದು.

ಮಾವ ಹೋದ ವರ್ಷ ತೀರಿಕೊಂಡ. ಎದೆನೋವು ಎಂದು ಕೂತವನು ಏಳಲಿಲ್ಲ. ಅಪ್ಪ ಹೋಗಿ, ಎಲ್ಲರ ಹಿಂದೆ ನಿಂತು, ಕೊನೆಗೆ ಒಂದು ಹಿಡಿ ಮಣ್ಣು ಹಾಕಿ ಬಂದರು.

ಮನಸ್ಸಿನಲ್ಲಿ ಇಷ್ಟೆಲ್ಲ ಇಟ್ಟುಕೊಂಡು ನಾನು ಆಯಿಲ್ ಅಂಗಡಿಯ ಮುಂದೆ ಬೆಪ್ಪಾಗಿ ನಿಂತಿದ್ದೆ. ಅಂಗಡಿಯವರಿಗೆ ನನ್ನಂಥ ಗಿರಾಕಿಗಳು ಹೊಸಬರಲ್ಲ. ಒಂದು ಡಬ್ಬ ತೆಗೆದು, ದಿನಾ ಹೇಳುವ ಪಾಠ ಒಪ್ಪಿಸಿದರು: "ಇಲ್ಲಿ ಎರಡು ನಂಬ್ರ ಐತಲ್ಲ ಸಾರ್, ಹದಿನೈದು ಡಬ್ಲ್ಯೂ, ನಲವತ್ತು ಅಂತ. ಮೊದಲ್ನೇದು ತಣ್ಣಗಿರೋವಾಗಿಂದು. ಅದು ಕಮ್ಮಿ ಇದ್ದಷ್ಟೂ ಚಳೀಲಿ ಎಂಜಿನ್ ಬೇಗ ಏಳ್ತದೆ. ಎರಡ್ನೇದು ಕಾದ ಮೇಲಿಂದು. ಅದು ಜಾಸ್ತಿ ಇದ್ದಷ್ಟೂ ಬಿಸೀಲಿ ಗಟ್ಟಿಯಾಗಿ ನಿಲ್ತದೆ. ಎರಡಕ್ಕೂ ಒಂದೇ ಆಯಿಲ್. ನಿಮ್ ಗಾಡಿ ಬುಕ್ಕಲ್ಲಿ ಇದನ್ನೇ ಹಾಕಿ ಅಂತ ಬರ್ದವ್ರೆ, ಸುಮ್ನೆ ತಲೆ ಕೆಡಿಸ್ಕೋಬೇಡಿ."

ಡಬ್ಬ ಹಿಡಿದುಕೊಂಡು ಬಂದು ಗಾಡಿಯಲ್ಲಿ ಕೂತೆ. ಕೀಲಿಕೈ ತಿರುಗಿಸಲು ಮನಸ್ಸಾಗಲಿಲ್ಲ. ಮಾವ ದಿನವೂ ಕಂಡದ್ದು ತಣ್ಣಗಿನ ಎಂಜಿನ್ನನ್ನು, ಅಪ್ಪ ಕಂಡದ್ದು ಕಾದ ಎಂಜಿನ್ನನ್ನು. ಇಬ್ಬರೂ ತಾವು ಕಂಡದ್ದನ್ನೇ ಹೇಳಿದ್ದರು. ಒಂದೇ ಒಂದು ಬೆಳಿಗ್ಗೆ ಅಪ್ಪ ಹೂವಿನ ಮೂಟೆಯ ಜೊತೆ ಹೋಗಿದ್ದರೆ, ಒಂದೇ ಒಂದು ಮಧ್ಯಾಹ್ನ ಮಾವ ಇಟ್ಟಿಗೆಯ ಲೋಡಿನ ಜೊತೆ ದಿಣ್ಣೆ ಹತ್ತಿದ್ದರೆ! ಇದು ತಿಳಿದು ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಬ್ಬರಾದರೂ ತಪ್ಪಾಗಿದ್ದರೆ ಅಷ್ಟು ವರ್ಷ ಹೋದದ್ದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು. ಇಬ್ಬರೂ ಸರಿಯಿದ್ದು ಹೀಗಾಯಿತಲ್ಲ ಎಂದು ಅಲ್ಲೇ ಕೂತು ಕಣ್ಣು ಒರೆಸಿಕೊಂಡೆ. ಅಪ್ಪನಿಗೆ ಹೇಳಬಾರದು ಎಂದು ತೀರ್ಮಾನಿಸಿದೆ. ಈ ವಯಸ್ಸಿನಲ್ಲಿ ಅವರ ತಲೆಗೆ ಇದನ್ನು ತುಂಬಿ ಏನು ಪ್ರಯೋಜನ?

ಮನೆಯಲ್ಲಿ ಹಳೆಯ ಆಯಿಲ್ ಇಳಿಸಿ ಹೊಸದು ಹಾಕಲು ಅಪ್ಪನೇ ಪಂಚೆ ಎತ್ತಿ ಕಟ್ಟಿ ಬಂದರು. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ. "ಯಾವ್ದು ತಂದೆ?" ಎಂದರು. ಗಾಡಿ ಬುಕ್ಕಿನಲ್ಲಿರುವುದು ಎಂದೆ. ಡಬ್ಬವನ್ನು ತಿರುಗಿಸಿ ನೋಡಿ ಮುಚ್ಚಳ ತೆಗೆದರು. ನಾನು ಲಾಳಿಕೆ ಹಿಡಿದೆ, ಅವರು ಸುರಿಯತೊಡಗಿದರು. ಆಯಿಲ್ ಜೇನಿನ ಬಣ್ಣದಲ್ಲಿ ನಿಧಾನವಾಗಿ ಇಳಿಯುತ್ತಿತ್ತು.

"ಅವನು ಹೇಳಿದ್ದನ್ನೇ ಹಾಕ್ಸಿಬಿಡಬಹುದಿತ್ತು" ಎಂದರು ಅಪ್ಪ, ತಲೆ ಎತ್ತದೆ.

ಯಾರು ಎಂದು ಕೇಳಬೇಕಾಗಿರಲಿಲ್ಲ. "ಎಂಜಿನ್ ಹಿಡ್ಕೊಂಡಿದ್ರೆ?" ಎಂದೆ.

"ಹಿಡ್ಕೊಂತಿತ್ತು. ಬೇರೆ ಎಂಜಿನ್ನು ಸಿಕ್ತಿತ್ತು."

ಅಂಗಡಿಯವರ ಪಾಠದ ಅಗತ್ಯ ಅಪ್ಪನಿಗೆ ಇರಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮ ಕಾಫಿ ಲೋಟಗಳನ್ನು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಲೋಟಗಳನ್ನು ಜಗಲಿಯ ಮೇಲಿಟ್ಟು, "ಇದನ್ನ ಅವನಿದ್ದಾಗ ಹೇಳ್ಬೇಕಿತ್ತು" ಎಂದಳು.

ಅಪ್ಪ ಡಬ್ಬ ಕೆಳಗಿಟ್ಟು "ಹೂಂ" ಎಂದರು.