ಕಾಣದ ಸರದಿಯಲ್ಲಿ ತಂಗಿಯ ಹಿಂದೆ

ಮ್ಯಾಡ್ರಿಡ್ ಊರಿನ ಒಂದು ಸಣ್ಣ ಕಾಯಿಪಲ್ಲೆ ಅಂಗಡಿಯಲ್ಲಿ ನನ್ನ ಬೆನ್ನಿಗೆ ಬಿದ್ದ ತಂಗಿ ಸುವರ್ಣಾಳನ್ನು ಅಂಗಡಿ ತುಂಬ ಜನ ಬೈಯುತ್ತಿದ್ದಾಗ ನಾನು ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡಲೇ ಇಲ್ಲ ಎಂದರೆ ಅದೂ ಸುಳ್ಳು. ಒಂದು ಮಾತು ಆಡಿದೆ. ಅಂಗಡಿಯವಳು ನನ್ನ ಕಡೆ ತಿರುಗಿ, ಎರಡು ಬೆರಳು ಜೋಡಿಸಿ ತೋರಿಸಿ, “ಹುಂತಾಸ್?” ಎಂದು ಕೇಳಿದಳು. ನೀವಿಬ್ಬರೂ ಜೊತೆಯವರೇ ಎಂದು ಅದರ ಅರ್ಥ. ನಾನು “ನೋ” ಎಂದೆ. ಆ ದೇಶಕ್ಕೆ ಹೋಗಿ ಐದಾರು ವರ್ಷಗಳಾದ ಮೇಲೆ ನಾನು ತಪ್ಪಿಲ್ಲದೆ ಆಡಿದ ಮೊದಲ ಸ್ಪ್ಯಾನಿಷ್ ಮಾತು ಅದು.

ನಮ್ಮಿಬ್ಬರದೂ ಅಪ್ಪನ ಮೂಗು. ಅಂಥ ಮೂಗು ಆ ಓಣಿಯಲ್ಲೆಲ್ಲ ಎರಡೇ ಇದ್ದವು, ಆಗ ಎರಡೂ ಆ ಅಂಗಡಿಯಲ್ಲಿಯೇ ಇದ್ದವು. ಸಾಲದ್ದಕ್ಕೆ ಇಬ್ಬರೂ ಅಗ್ಗಕ್ಕೆ ಸಿಕ್ಕಿತೆಂದು ಒಂದೇ ಬಣ್ಣದ ಕೋಟು ಕೊಂಡಿದ್ದೆವು. ಅಂಗಡಿಯವಳು ಅವಳ ಮೂಗು ನೋಡಿದಳು, ನನ್ನ ಮೂಗು ನೋಡಿದಳು. ನಾನು ಟೊಮೇಟೊಗಳನ್ನು ಹೊಸದಾಗಿ ಕಂಡವಳಂತೆ ನೋಡುತ್ತ ನಿಂತೆ.

ನಾವು ಗಡಿಯಾಚೆ, ಮರಾಠಿ ಸೀಮೆಯ ಜತ್ತ ತಾಲ್ಲೂಕಿನ ಸೋನ್ಯಾಳದವರು. ನಾನು ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಮರಾಠಿಯನ್ನು ಜತ್ತದ ಪೇಟೆ ಕಲಿಸಿತು, ಹಿಂದಿಯನ್ನು ಟಿವಿ ಕಲಿಸಿತು. ಎರಡಕ್ಕೂ ನಾನು ಪುಸ್ತಕ ಹಿಡಿದವಳಲ್ಲ. ನನ್ನ ಮನೆಯವರು ಪುಣೆಯ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಅದರ ಮಾಲೀಕ ಮ್ಯಾಡ್ರಿಡ್‌ನಲ್ಲಿ ಇನ್ನೊಂದು ಹೋಟೆಲು ತೆರೆದು ಇವರನ್ನು ಕರೆಸಿಕೊಂಡ. ಅಲ್ಲಿಗೆ ಹೋಗುವಾಗ, ಸ್ಪ್ಯಾನಿಷ್ ಕೂಡ ನೆಗಡಿಯ ಹಾಗೆ, ಜನರ ನಡುವೆ ಇದ್ದರೆ ತಾನಾಗಿ ಹತ್ತುತ್ತದೆ ಎಂದುಕೊಂಡಿದ್ದೆ.

ಹತ್ತಲಿಲ್ಲ, ಏಕೆಂದರೆ ನಾನು ಜನರ ನಡುವೆ ಹೋಗಲೇ ಇಲ್ಲ. ದೊಡ್ಡ ಅಂಗಡಿಯಲ್ಲಿ ಬುಟ್ಟಿ ತುಂಬಿಕೊಂಡು ಯಂತ್ರದ ಮುಂದೆ ಇಟ್ಟರೆ ಮುಗಿಯಿತು, ಬಾಯಿ ಬೇಕಾಗುವುದಿಲ್ಲ. ಬೇಳೆ, ಹಿಟ್ಟು, ಹಸಿಮೆಣಸಿನಕಾಯಿಗೆ ಬಾಂಗ್ಲಾದವನೊಬ್ಬನ ಅಂಗಡಿಯಿತ್ತು, ಅಲ್ಲಿ ಹಿಂದಿ ನಡೆಯುತ್ತಿತ್ತು. ಬ್ರೆಡ್ಡಿನ ಅಂಗಡಿಯಲ್ಲಿ ಬೆರಳು ತೋರಿಸಿ ಅಂಗೈಯಲ್ಲಿ ಚಿಲ್ಲರೆ ಚಾಚಿದರೆ ಅವರೇ ಬೇಕಾದಷ್ಟು ಆರಿಸಿಕೊಳ್ಳುತ್ತಿದ್ದರು. ಜತ್ತದಲ್ಲಿ ಹಾಗೆ ಅಂಗೈ ಚಾಚಿ ನಿಂತರೆ ನೋಡಿದವರು ನಾನು ಬೇಡಲು ಬಂದಿದ್ದೇನೆ ಎಂದುಕೊಳ್ಳುತ್ತಾರೆ.

ಊರಿಗೆ ಫೋನು ಮಾಡಿದಾಗ ಮಾತ್ರ ನನ್ನ ಭಾಷೆ ಬಲು ಜೋರು. “ಸ್ಪ್ಯಾನಿಷ್ ಏನ್ ಬಿಡವಾ, ನಮ್ಮ ಮರಾಠಿ ಇದ್ದಾಂಗ” ಎಂದು ಅವ್ವನಿಗೆ ಹೇಳುತ್ತಿದ್ದೆ. ಬೆಳುಂಕಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ಸುವರ್ಣಾಳ ಗಂಡನಿಗೂ ಅದೇ ಹೋಟೆಲಿನಲ್ಲಿ ಕೆಲಸ ಸಿಕ್ಕಾಗ, ಅವಳು ಹೆದರದೆ ವಿಮಾನ ಹತ್ತಿದ್ದು ನನ್ನ ಈ ಮಾತನ್ನು ನಂಬಿ. ಇಬ್ಬರ ಸಂಸಾರಕ್ಕೂ ಒಂದೇ ಮನೆ, ಒಂದೇ ಅಡುಗೆಮನೆ. ಬಂದ ಮರುದಿನವೇ ಚಹಾ ಕುಡಿಯುತ್ತ ಕೇಳಿದಳು:

“ಅಕ್ಕಾ, ಬದನಿಕಾಯಿಗೆ ಏನಂತಾರ?”

ನನಗೆ ಗೊತ್ತಿರಲಿಲ್ಲ. “ಮೊದಲ ಎಣಿಸೂದು ಕಲಿ” ಎಂದೆ. ಹತ್ತರವರೆಗೆ ಕಲಿಸಿದೆ.

“ಮುಂದ?”

“ಹತ್ತರ ಮ್ಯಾಲ ನಮಗ್ಯಾಕ ಬೇಕು? ತುಟ್ಟಿ ಆಗ್ತೈತಿ.”

ಅವಳು ನಕ್ಕಳು. ಆ ನಗುವಿನಲ್ಲಿ ಅನುಮಾನವಿರಲಿಲ್ಲ, ಅದೇ ನನ್ನನ್ನು ಚುಚ್ಚಿತು.

ನಮ್ಮ ಮನೆಯ ಎದುರಿಗೇ ಒಂದು ‘ಫ್ರುತೆರಿಯಾ’ ಇತ್ತು. ಹಣ್ಣು, ಕಾಯಿಪಲ್ಲೆ ಮಾರುವ ಸಣ್ಣ ಅಂಗಡಿಗೆ ಅಲ್ಲಿ ಹಾಗೆನ್ನುತ್ತಾರೆ. ಅಷ್ಟು ವರ್ಷ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ. ಸುವರ್ಣಾ ಕಿಟಕಿಯಿಂದಲೇ ಅಲ್ಲಿಯ ಬದನೆಕಾಯಿಯ ಮಿರುಗು ನೋಡಿ, “ಇಷ್ಟ ಹತ್ರ ಇಟ್ಕೊಂಡು ನೀ ಬಸ್ ಹತ್ತಿ ಎಲ್ಲೆಲ್ಲೋ ಹೋಗ್ತಿಯಲ್ಲ, ನಡಿ” ಎಂದು ನನ್ನ ಕೈ ಹಿಡಿದು ಎಳೆದೊಯ್ದಳು.

ಜತ್ತದ ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡದೆ ಕೊಂಡರೆ ಮಾರುವವಳೇ ನಮ್ಮನ್ನು ದಡ್ಡರೆನ್ನುತ್ತಾಳೆ. ಸುವರ್ಣಾ ಅಲ್ಲಿದ್ದ ಬೀನ್ಸಿನ ತುದಿ ಮುರಿದಳು. ಒಂದು ಲಟಕ್ಕೆಂದಿತು, ಅವಳ ಚೀಲ ಸೇರಿತು. ಇನ್ನೊಂದು ಬಾಗಿತು, ತಿರುಗಿ ಬುಟ್ಟಿಗೆ ಬಿತ್ತು. ಬದನೆಕಾಯಿ ಒತ್ತಿದಳು, ತೊಟ್ಟು ಎತ್ತಿ ನೋಡಿದಳು. ಜನ ಅಲ್ಲೊಬ್ಬರು ಇಲ್ಲೊಬ್ಬರು ನಿಂತು ಹರಟುತ್ತಿದ್ದರು, ಸಾಲು ಎಂಬುದು ಎಲ್ಲೂ ಕಾಣಲಿಲ್ಲ. ಅವಳು ನೇರವಾಗಿ ತಕ್ಕಡಿಯ ಮುಂದೆ ಹೋಗಿ ಆರಿಸಿದ್ದನ್ನೆಲ್ಲ ಸುರುವಿದಳು. ಅಂಗಡಿಯವಳು ಬಾಯಿ ತೆರೆಯುವುದರೊಳಗೆ, ಪಕ್ಕದಲ್ಲಿದ್ದ ಸೊಪ್ಪಿನ ಕಟ್ಟಿನಿಂದ ಒಂದು ಹಿಡಿ ಕಿತ್ತು ಕೊಸರೆಂದು ಚೀಲಕ್ಕೆ ಹಾಕಿಕೊಂಡಳು. ಕೊಂಡ ಮೇಲೆ ಒಂದಿಷ್ಟು ಕೊಸರು ನಮ್ಮ ಹಕ್ಕಲ್ಲವೇ?

ಅಂಗಡಿಯೇ ಹೊತ್ತಿಕೊಂಡಿತು. ಅಲ್ಲಿ ಕಾಯಿಪಲ್ಲೆಯನ್ನು ಗಿರಾಕಿ ಮುಟ್ಟುವಂತಿಲ್ಲ, ಅಂಗಡಿಯವಳೇ ಆರಿಸಿಕೊಡಬೇಕು. ಮೇಲಾಗಿ ಹರಟುತ್ತಿದ್ದವರೆಲ್ಲ ಕಣ್ಣಿಗೆ ಕಾಣದ ಒಂದು ಸರದಿಯಲ್ಲಿ ಇದ್ದವರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಸುವರ್ಣಾ ನನ್ನ ಕಡೆ ತಿರುಗಿ, “ಅಕ್ಕಾ, ಏನಂತಾರ ಇವರು? ನೀನರೆ ಹೇಳು!” ಎಂದಳು. ಆಗಲೇ ಅಂಗಡಿಯವಳು ಬೆರಳು ಜೋಡಿಸಿದ್ದು. ನಾನು ಹೇಳಿದ್ದನ್ನು ನೀವು ಓದಿದ್ದೀರಿ.

ಮನೆಗೆ ಬಂದು ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೋಟು ತೆಗೆದು ಗೂಟಕ್ಕೆ ಹಾಕಿ ಹೇಳಿದಳು: “ಉಳಿದದ್ದು ಒಂದೂ ತಿಳೀಲಿಲ್ಲ. ನೀವ್ ನೋ ಅಂದದ್ದು ತಿಳೀತ್ರಿ ಅಕ್ಕಾರ. ಅದೊಂದು ನಮ್ಮ ಸಾಲ್ಯಾಗೂ ಕಲಿಸಿದ್ರು.”

ಅಂದಿನಿಂದ ನಾನು ಅವಳಿಗೆ ‘ನೀವು’ ಆದೆ. ನಮ್ಮಲ್ಲಿ ಒಡಹುಟ್ಟಿದವಳು ‘ರೀ’ ಹಚ್ಚಿ ಮಾತಾಡಿದರೆ ಅದು ಮರ್ಯಾದೆಯಲ್ಲ, ಮನೆಯಿಂದ ಹೊರಗೆ ಹಾಕಿದ ಹಾಗೆ. “ಉಪ್ಪ ಕೊಡ್ರಿ ಅಕ್ಕಾರ”, “ಸರೀರಿ ಅಕ್ಕಾರ, ರೊಟ್ಟಿ ಬಡೀಬೇಕು”. ಒಂದೇ ಒಲೆಯ ಮೇಲೆ ಎರಡು ಪಲ್ಯ ಕುದಿಯತೊಡಗಿದವು. ಮನಸ್ಸಿನ ಮಾತೇನಿದ್ದರೂ ಕುಕ್ಕರಿಗೆ ಹೇಳುತ್ತಿದ್ದಳು: “ಬೆಳುಂಕಿಗೆ ಹೋಗೇಬಿಡ್ತೀನಿ ನೋಡು. ಅಲ್ಲಿ ಬೈದ್ರ ತಿಳೀತೈತಿ, ತಿರುಗಿ ಬೈಬಹುದು.” ಕುಕ್ಕರು ಸೀಟಿ ಹೊಡೆದು ಒಪ್ಪಿಕೊಳ್ಳುತ್ತಿತ್ತು. ಒಂದು ದಿನ ಬಿಸಿ ರೊಟ್ಟಿಗೆ ತುಪ್ಪ ಸುರಿದು ಅವಳ ಮುಂದಿಟ್ಟೆ. ನಮ್ಮ ಮನೆಯಲ್ಲಿ ಹಿರಿಯರು ತಪ್ಪು ಒಪ್ಪಿಕೊಳ್ಳುವುದು ಹೀಗೆಯೇ, ಬಾಯಿಂದ ಹೇಳುವ ರೂಢಿಯಿಲ್ಲ. ಅವಳು ಆ ರೊಟ್ಟಿಯನ್ನು ಹಾಗೇ ಎತ್ತಿ ತನ್ನ ಗಂಡನ ತಾಟಿಗೆ ಹಾಕಿದಳು. ಅವರು ಚಪ್ಪರಿಸಿ ತಿಂದರು.

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಪಿಲಾರ್ ಎಂಬ ಮುದುಕಿ ಇದ್ದಳು. ನಾಚಿಕೆ ಬಿಟ್ಟು ಅವಳ ಬಾಗಿಲು ತಟ್ಟಿದೆ. ಎದುರಿನ ಅಂಗಡಿಯತ್ತ ಕೈ ತೋರಿಸಿ, ಜನ ಬೈದದ್ದನ್ನು ಅಭಿನಯಿಸಿದೆ. ಅವಳಿಗೆ ತಿಳಿಯಿತು. ಅಡುಗೆಮನೆಯ ಮೇಜಿನ ಮೇಲೆ ಒಂದು ನಿಂಬೆ, ಒಂದು ಉಳ್ಳಾಗಡ್ಡಿ ಇಟ್ಟಳು. ಆಲೂಗಡ್ಡೆಯೊಂದನ್ನು ಕುಣಿಸುತ್ತ ತಂದು, ಅದರ ದನಿಯಲ್ಲಿ ಕೇಳಿದಳು: “ಕಿಯೆನ್ ಎಸ್ ಎಲ್ ಉಲ್ತಿಮೊ?” ಕೊನೆಯವರು ಯಾರು? ಉಳ್ಳಾಗಡ್ಡಿ ಹೇಳಿತು: “ಯೋ.” ನಾನು. ಅಷ್ಟಾದ ಮೇಲೆ ಆಲೂಗಡ್ಡೆ ಎಲ್ಲಿ ಬೇಕಾದರೂ ನಿಲ್ಲಬಹುದು, ಉಳ್ಳಾಗಡ್ಡಿಯ ಮೇಲೆ ಒಂದು ಕಣ್ಣಿದ್ದರೆ ಸಾಕು. ನಾನು ದಿನಾ ಹೋಗಿ ಆಲೂಗಡ್ಡೆಯಾದೆ. ಎಷ್ಟಾಯಿತು ಎಂದು ಕೇಳುವ “ಕ್ವಾಂತೊ ಎಸ್”, ಬದನೆಕಾಯಿಯ “ಬೆರೆನ್‌ಹೇನಾ”, ಹತ್ತರ ಮೇಲಿನ ಎಣಿಕೆ, ಎಲ್ಲವೂ ಬಂದವು. ಇನ್ನೊಂದು ವಾಕ್ಯವನ್ನೂ ಕೇಳಿ ಕಲಿತೆ. ಅದನ್ನು ಆಮೇಲೆ ಹೇಳುತ್ತೇನೆ.

ಕೊನೆಯವರು ಯಾರೆಂದು ಕೇಳುವ ಆ ಚಾಳಿ ಎಷ್ಟು ಅಂಟಿತೆಂದರೆ, ಮುಂದೊಮ್ಮೆ ಊರಿಗೆ ಬಂದಾಗ ಜತ್ತದ ಕಿರಾಣಿ ಅಂಗಡಿಯ ಗದ್ದಲದ ಹಿಂದೆ ನಿಂತು, “ಕಡೀಗಿ ಯಾರದೀರಿ?” ಎಂದು ಕೇಳಿದೆ. ಅಂಗಡಿಯವರು ಸಕ್ಕರೆ ತೂಗುತ್ತಲೇ, “ಕಡೀಗಿ ಯಾರೂ ಇಲ್ರಿ ಬಾಯಾರ, ಇಲ್ಲಿ ಎಲ್ಲಾರೂ ಮೊದಲನೇದವರ” ಎಂದರು. ನನ್ನ ಮುಂದಿನಿಂದ ಎಷ್ಟು ಕೈಗಳು ತೂರಿ ಹೋದವೋ, ನಾನು ಮಾತ್ರ ನನ್ನ ಉಳ್ಳಾಗಡ್ಡಿಯನ್ನು ಹುಡುಕುತ್ತ ನಿಂತಿದ್ದೆ. ಅಲ್ಲಿ ನುಗ್ಗಿ ಬೈಸಿಕೊಂಡವರು, ಇಲ್ಲಿ ನುಗ್ಗಲಾರದೆ ಬರಿಗೈಯಲ್ಲಿ ಬರುವವರು, ಇಬ್ಬರೂ ನಾವೇ.

ಇರಲಿ. ಪಿಲಾರ್ ಕಲಿತದ್ದು ಸಾಕೆಂದ ಮರುದಿನ ಬೆಳಿಗ್ಗೆ ಎದುರಿನ ಅಂಗಡಿಗೆ ಹೋದೆ. ಒಳಗೆ ಕೆಲವು ಹೆಂಗಸರು, ನಾಯಿ ಹಿಡಿದ ಒಬ್ಬ ಮುದುಕ. “ಕಿಯೆನ್ ಎಸ್ ಎಲ್ ಉಲ್ತಿಮೊ?” ಎಂದೆ.

ಕಿತ್ತಳೆ ಪೆಟ್ಟಿಗೆಗಳ ಹಿಂದಿನಿಂದ ದನಿ ಬಂತು: “ಯೋ.”

ಸುವರ್ಣಾ. ಬೆಳಿಗ್ಗೆ ತಿರುಗಾಡಲು ಹೋಗುತ್ತೇನೆಂದು ಹೊರಡುತ್ತಿದ್ದವಳು ಬರುತ್ತಿದ್ದದ್ದು ಇಲ್ಲಿಗೆ! ಬೈಸಿಕೊಂಡ ಅಂಗಡಿಗೇ ಒಬ್ಬಳೇ ಬಂದು, ಬೈದವರಿಂದಲೇ ಕಲಿತಿದ್ದಳು. ಓಡಿಹೋಗೋಣವೆಂದರೆ ಅಷ್ಟರಲ್ಲಿ ಇನ್ನೊಬ್ಬಾಕೆ ಬಂದು ಕೊನೆಯವರು ಯಾರೆಂದು ಕೇಳಿದಳು. ನಾನು “ಯೋ” ಎನ್ನಲೇಬೇಕಾಯಿತು. ಇನ್ನು ಹೋಗುವಂತಿಲ್ಲ. ತಂಗಿಯ ಹಿಂದೆ ಅಕ್ಕ, ಅವಳ ಮೇಲೊಂದು ಕಣ್ಣಿಟ್ಟು ನಿಂತೆ.

ಕೊಂಡವರೂ ಹೊರಡದೆ ಹರಟುತ್ತ ನಿಂತಿರುವಾಗ ಅವಳ ಸರದಿ ಬಂತು. ಅಂಗಡಿಯವಳು ಅವಳನ್ನು ಹೆಸರು ಹಿಡಿದು ಮಾತಾಡಿಸಿ, ಕೇಳಿದ್ದನ್ನೆಲ್ಲ ತೂಗಿದಳು. ಕೊನೆಗೆ ಕೊತ್ತಂಬರಿಯಂತೆ ಕಾಣುವ ‘ಪೆರೆಹಿಲ್’ ಸೊಪ್ಪನ್ನು ಪುಕ್ಕಟೆ ಚೀಲಕ್ಕೆ ಹಾಕಿದಳು. ಕೊಸರು ಅಲ್ಲಿಯೂ ಇತ್ತು, ಅವರು ಕೊಡುವವರೆಗೆ ಕಾಯಬೇಕಿತ್ತು ಅಷ್ಟೆ. ಆಮೇಲೆ ಅಂಗಡಿಯವಳು ತಲೆ ಎತ್ತಿ ಅವಳ ಮೂಗು ನೋಡಿದಳು, ನನ್ನ ಮೂಗು ನೋಡಿದಳು. ಎರಡು ಬೆರಳು ಜೋಡಿಸಿದಳು.

“ಹುಂತಾಸ್?”

“ಸೀ” ಎಂದೆ. ಹೌದು. ಪಿಲಾರ್ ಹತ್ತಿರ ಕೇಳಿ ಕಲಿತ ಆ ವಾಕ್ಯವನ್ನೂ ಹೇಳಿದೆ: “ಎಸ್ ಮಿ ಎರ್ಮಾನಾ.” ಇವಳು ನನ್ನ ತಂಗಿ. ಅಂಗಡಿಯವಳಿಗೆ “ಪೆರ್ದೋನ್” ಎಂದೆ, ಕ್ಷಮೆ ಕೇಳುವ ಮಾತು. ಹೆಂಗಸರಿಗೆ ಪೆರ್ದೋನ್ ಎಂದೆ, ಮುದುಕನಿಗೆ ಎಂದೆ. ಆ ರಭಸದಲ್ಲಿ ನಾಯಿಗೂ ಎಂದೆ. ಅದು ಬಾಲ ಅಲ್ಲಾಡಿಸಿತು.

ಸುವರ್ಣಾ ಚೀಲ ಹೆಗಲಿಗೇರಿಸಿದಳು. “ಮಂದಿಗೆಲ್ಲಾ ಹೇಳಿದಿ, ನಾಯಿಗೂ ಹೇಳಿದಿ. ನನಗ ಯಾವಾಗ ಹೇಳ್ತಿ?”

‘ಹೇಳ್ತೀರಿ’ ಎನ್ನಲಿಲ್ಲ, ‘ಹೇಳ್ತಿ’ ಎಂದಳು. ನನ್ನ ಕಣ್ಣು ತುಂಬಿದವು. “ಪೆರ್ದೋನ್ ಅಂದೆನಲ್ಲ” ಎಂದೆ.

“ಅದು ಅಂಗಡೀ ಮಾತು. ಮನೀ ಮಾತಿನ್ಯಾಗ ಹೇಳು.”

ಹಿಂದೆ ಜನ ಕಾಯುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ, ಸರದಿ ನನ್ನದಾಗಿತ್ತು. ಅಂಗಡಿಯಲ್ಲಿ ಒಬ್ಬರಿಗೂ ಅರ್ಥವಾಗದ ನಮ್ಮ ಸೋನ್ಯಾಳದ ಮಾತಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ:

“ತಪ್ಪಾತ ಸುವ್ವೀ. ನೀ ನನ್ನಾಕಿ ಅಲ್ಲ ಅಂದೆ. ನಂದು ಭಾಳ ತಪ್ಪಾತು.”