ದೊಡ್ಡಮಾವನವರು ಹೂ ಕೇಳುತ್ತಿದ್ದ ಬಗ್ಗೆ

ನನ್ನ ಪತಿಯ ದೊಡ್ಡಪ್ಪನವರ ಬಲಗೈ ಹೆಬ್ಬೆರಳು ಸದಾ ಒದ್ದೆಯಾಗಿರುತ್ತಿತ್ತು. ದಿನವಿಡೀ ಪಾತ್ರೆ ತೊಳೆಯುವವರ ಬೆರಳಿನಂತೆ ಅದರ ತುದಿ ಬಿಳಿಚಿ, ನೆರಿಗೆಗಟ್ಟಿ, ಉಗುರಿನ ಸಂದಿಯಲ್ಲಿ ಅರಿಶಿನ ಕೂತಿರುತ್ತಿತ್ತು. ಮಿಕ್ಕ ಬೆರಳುಗಳು ಮಾತ್ರ ನುಣುಪಾಗಿದ್ದವು; ಅವು ಯಾವ ಕೆಲಸವನ್ನೂ ಮಾಡಿದವುಗಳಲ್ಲ.

ಸದರಿಯವರು ಕೊಣನೂರಿನ ಕಡೆ ಇರುವ ನಮ್ಮ ಮನೆದೇವರಾದ ಅಮ್ಮನವರ ಗುಡಿಯ ಪೂಜಾರಿಗಳಾಗಿದ್ದರು. ಸೊಸೆಯಾದ ನಾನು ಅವರನ್ನು ದೊಡ್ಡಮಾವ ಎಂದು ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೆಯೇ ನಮೂದಿಸಿರುತ್ತೇನೆ. ನಾನು ಹೊಳೆನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು, ಕಚೇರಿಯ ಪತ್ರ, ಟಿಪ್ಪಣಿಗಳನ್ನು ಹೊರತುಪಡಿಸಿ ಈವರೆಗೆ ಬೇರೇನನ್ನೂ ಬರೆದವಳಲ್ಲ. ಆದ್ದರಿಂದ ಬರಹದಲ್ಲಿ ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ಆದರೆ ದೊಡ್ಡಮಾವನವರ ಬಗ್ಗೆ ನನಗಿದ್ದ ತಾತ್ಸಾರವನ್ನು ಲೋಪವೆಂದು ಪರಿಗಣಿಸಬಾರದು. ಅದನ್ನು ಅವರು ಶ್ರಮಪಟ್ಟು ಸಂಪಾದಿಸಿದ್ದರು.

ನಮ್ಮ ಕಡೆ ಯಾವುದೇ ಮುಖ್ಯ ಕೆಲಸಕ್ಕೆ ಮುನ್ನ ಅಮ್ಮನವರಲ್ಲಿ ಹೂ ಕೇಳುವ ಪದ್ಧತಿ ಇದೆ. ವಿಗ್ರಹದ ಎರಡೂ ಭುಜಗಳಿಗೆ ಒಂದೊಂದು ಕಣಗಿಲೆ ಹೂವನ್ನು ನೀರು ಮುಟ್ಟಿಸಿ ಅಂಟಿಸುತ್ತಾರೆ. ಬಲಗಡೆಯದು ಮೊದಲು ಉದುರಿದರೆ ಅಮ್ಮನ ಒಪ್ಪಿಗೆ, ಎಡಗಡೆಯದಾದರೆ ನಿರಾಕರಣೆ. ಹೆಣ್ಣು ತರುವುದು, ಬಾವಿ ತೋಡುವುದು, ಎತ್ತು ಮಾರುವುದು, ಎಲ್ಲವೂ ದೊಡ್ಡಮಾವನವರ ಹೆಬ್ಬೆರಳಿನ ಅಡಿಯಲ್ಲಿಯೇ ತೀರ್ಮಾನವಾಗುತ್ತಿತ್ತು. ಈ ಅಧಿಕಾರದಿಂದ ಅವರಿಗೆ ಬಂದಿದ್ದ ಗತ್ತನ್ನು ವರ್ಣಿಸುವುದು ಕಷ್ಟ. ಊಟದ ಮನೆಯಲ್ಲಿ ಮೊದಲ ಎಲೆ ಅವರದು. ಕೈ ತೊಳೆಯುವ ಮುಂಚೆಯೇ ಸಾರಿಗೆ ಉಪ್ಪು ಕಡಿಮೆಯೆಂದು ಘೋಷಿಸುತ್ತಿದ್ದರು. ಅರಕಲಗೂಡಿನ ಬಸ್ಸಿನಲ್ಲಿ ಜಾಗವಿಲ್ಲದಿದ್ದರೆ ಕೂತಿದ್ದವರನ್ನು ಎಬ್ಬಿಸಿ, "ಮೈಮೇಲೆ ಅಮ್ಮನ ಅರಿಶಿನ ಐತೆ ಕಣ್ರಪ್ಪ, ನಾನೇನೋ ನಿಂತ್ಕತೀನಿ, ಅವಳು ನಿಂತ್ಕಬೇಕಾ?" ಎನ್ನುತ್ತಿದ್ದರು. ಮಂಗಳಾರತಿಯ ಹೊತ್ತಿಗೆ ಕಂಬಕ್ಕೊರಗಿ ಗೊರಕೆ ಹೊಡೆದದ್ದನ್ನು ನಾನೇ ಕಂಡಿದ್ದೇನೆ. ಕೇಳಿದರೆ ಧ್ಯಾನ ಎಂಬ ಉತ್ತರ ಸಿದ್ಧವಿರುತ್ತಿತ್ತು.

ಒಮ್ಮೆ ನನಗೆ ಹಾಸನಕ್ಕೆ ವರ್ಗವಾಗುವ ಸಂದರ್ಭ ಬಂದಿತು. ಮನೆಯವರೆಲ್ಲ ಸೇರಿ ಹೂ ಕೇಳಿಸಿದರು. ಕಚೇರಿಯ ಅಭ್ಯಾಸದಂತೆ ನಾನು ವಿಗ್ರಹವನ್ನು ಬಿಟ್ಟು ಅವರ ಕೈಯನ್ನೇ ಗಮನಿಸುತ್ತಿದ್ದೆ. ಬಲಗಡೆಯ ಹೂವಿಗೆ ಹೆಬ್ಬೆರಳನ್ನು ತಂಬಿಗೆಯಲ್ಲಿ ಚೆನ್ನಾಗಿ ಅದ್ದಿದರು. ಎಡಗಡೆಯದಕ್ಕೆ ಮುನ್ನ ಪಂಚೆಗೆ ಒರೆಸಿಕೊಂಡರು. ಒಣಗಿದ್ದದ್ದು ಬೇಗ ಉದುರಿತು. ನನ್ನ ಕಾಫಿ ಅವರಿಗೆ ಇಷ್ಟವಿತ್ತೆಂಬುದನ್ನು ಬಿಟ್ಟರೆ ಆ ನಿರಾಕರಣೆಗೆ ಬೇರೆ ಕಾರಣ ನನಗೆ ತೋರಲಿಲ್ಲ. ಅಂದಿನಿಂದ ಹೂ ಬೀಳುವ ಮುಂಚೆಯೇ ಫಲಿತಾಂಶವನ್ನು ಹೇಳಬಲ್ಲವಳಾದೆ. ಪತಿಗೆ ತಿಳಿಸಿದಾಗ ಅವರು ನಕ್ಕುಬಿಟ್ಟರು. "ಅಮ್ಮನ ಹೂವಲ್ಲೂ ಫೈಲ್ ನೋಡ್ತೀಯಲ್ಲೇ" ಎಂದರು. ನನ್ನ ಪತಿ ದೊಡ್ಡಪ್ಪನವರನ್ನು ಪೂರ್ತಿಯಾಗಿ ನಂಬಿದ್ದರು. ಚಿಕ್ಕಂದಿನಲ್ಲಿ ತಂದೆಯನ್ನು ಕಳೆದುಕೊಂಡಿದ್ದ ಅವರನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ದೊಡ್ಡಮಾವನವರೇ. ಇದನ್ನು ನಾನು ಮುಚ್ಚಿಡುವುದಿಲ್ಲ.

ಚನ್ನರಾಯಪಟ್ಟಣದಿಂದ ನೇಪಾಳದ ಮುಕ್ತಿನಾಥಕ್ಕೆ ಯಾತ್ರೆಯ ತಂಡವೊಂದು ಹೊರಟಾಗ ಪತಿಯವರೂ ಹೋಗಬಯಸಿದರು. ಅವರಿಗೆ ರಕ್ತದೊತ್ತಡವಿದ್ದುದರಿಂದ ನಾನು ಆಕ್ಷೇಪಿಸಿದೆ. ವಿಷಯವು ಹೂವಿಗೆ ಹೋಯಿತು. ದೊಡ್ಡಮಾವನವರು ಆಗಲೇ ಅಲ್ಲಿಂದ ರುದ್ರಾಕ್ಷಿ ಸರವನ್ನೂ ಉಣ್ಣೆಯ ಟೋಪಿಯನ್ನೂ ತರಲು ಹೇಳಿಯಾಗಿತ್ತು. ಈ ಸಲ ಪಂಚೆಗೆ ಒರೆಸಿಕೊಂಡದ್ದು ಬಲಗಡೆಯ ಸರದಿಯಲ್ಲಿ. "ಬಲಕ್ಕೇ ಕೊಟ್ಟವ್ಳೆ, ಓಗ್ಬಾ ಮಗ. ಆಪೀಸಮ್ಮನ ಮಾತು ಆಪೀಸಲ್ಲಿ ಇರ್ಲಿ" ಎಂದರು. ಆಪೀಸಮ್ಮ ಎಂದರೆ ನಾನು.

ಪೋಖರಾ ಎಂಬ ಊರಿನಲ್ಲಿ ಬೆಳಗಿನ ಉಪ್ಪಿಟ್ಟು ತಿನ್ನುವಾಗ ನನ್ನ ಪತಿ ಕುಸಿದು ಬಿದ್ದರು. ತಂಡದ ಅಡಿಗೆಯವರು ಆಸ್ಪತ್ರೆಗೆ ಸೇರಿಸಿ ಫೋನ್ ಮಾಡಿದರು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ತಲೆಬುರುಡೆ ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕು, ಅದರಲ್ಲಿಯೇ ಪ್ರಾಣ ಹೋಗಲೂಬಹುದು, ಮಾಡದೆ ವಿಮಾನದಲ್ಲಿ ಬೆಂಗಳೂರಿಗೆ ಒಯ್ಯುವುದಾದರೆ ದಾರಿಯ ಹೊಣೆ ತಮ್ಮದಲ್ಲ ಎಂದು ಅಲ್ಲಿನ ವೈದ್ಯರು ಹೇಳಿದರಂತೆ. "ಅಕ್ಕಾ, ಡಾಕ್ಟ್ರು ನಿಮ್ ಬಾಯಿಂದ್ಲೇ ಕೇಳ್ಬೇಕಂತವ್ರೆ. ಅವ್ರು ಆಪ್ರೇಸನ್ ತಯಾರಿ ಮಾಡ್ಕಳೋ ಅಷ್ಟ್ರಲ್ಲಿ ನೀವು ಏಳ್ಬೇಕಂತೆ" ಎಂದರು ಅಡಿಗೆಯವರು.

ಮನೆಯಲ್ಲಿ ಒಮ್ಮತವಿರಲಿಲ್ಲ. ಮೈದುನ ಅಲ್ಲೇ ಆಗಲಿ ಎಂದ. ನಮ್ಮತ್ತೆಯವರು, "ಕಂಡೋರ ದೇಶ್ದಲ್ಲಿ ನನ್ ಮಗನ ತಲೆ ಬಿಚ್ಚುಸ್ಬ್ಯಾಡ್ರಪ್ಪ, ಮೊದ್ಲು ಹೂ ಕೇಳ್ಸಿ" ಎಂದು ನೆಲಕ್ಕೆ ಕೂತರು. ಮಾಡಿ ಎನ್ನಲೂ ಬೇಡ ಎನ್ನಲೂ ನನಗೆ ಧೈರ್ಯ ಸಾಲಲಿಲ್ಲ. ಮೈದುನನ ಕಾರಿನಲ್ಲಿ ಮೂವರೂ ಕೊಣನೂರಿನ ದಾರಿ ಹಿಡಿದೆವು. ಬಲಕ್ಕೆ ಬಿದ್ದರೆ ಅಲ್ಲಿಯೇ ಶಸ್ತ್ರಚಿಕಿತ್ಸೆ, ಎಡಕ್ಕೆ ಬಿದ್ದರೆ ಬೆಂಗಳೂರು ಎಂದು ದಾರಿಯಲ್ಲಿ ಗೊತ್ತುಮಾಡಿಕೊಂಡೆವು. ಅದು ಅಮ್ಮನ ಇಚ್ಛೆಯಲ್ಲವೆಂದು ನನಗೆ ತಿಳಿದಿತ್ತು. ಆದರೆ ದೊಡ್ಡಮಾವನವರು ಯಾವ ಕಡೆಗೆ ಬೆರಳೊರೆಸಿಕೊಳ್ಳುತ್ತಾರೋ ಅದಾದರೂ ಒಬ್ಬ ಹಿರಿಯರ ಮಾತು, ಅಷ್ಟೇ ಸಾಕು ಎನ್ನುವ ಸ್ಥಿತಿಗೆ ನಾನು ಬಂದಿದ್ದೆ.

ವಿಷಯ ಕೇಳಿ ಅವರು ನೇರವಾಗಿ ಬಾವಿಯ ಕಡೆ ನಡೆದರು. ಸ್ನಾನ ಮಾಡಿ ಬಂದು ಹೂ ಹಿಡಿದು ನಿಂತರು. ನಾನು ಕಣ್ಣು ಮಿಟುಕಿಸದೆ ಕೈಯನ್ನೇ ನೋಡಿದೆ. ಹೆಬ್ಬೆರಳನ್ನು ತಂಬಿಗೆಯಲ್ಲಿ ಅದ್ದಿ ಬಲಗಡೆಯ ಹೂವನ್ನು ಒತ್ತಿದರು. ಮತ್ತೆ ಅಷ್ಟೇ ಹೊತ್ತು ಅದ್ದಿ ಎಡಗಡೆಯದನ್ನೂ ಒತ್ತಿದರು. ಪಂಚೆಯ ಕಡೆಗೆ ಕೈ ಹೋಗಲೇ ಇಲ್ಲ. ನಂತರ ಹಿಂದೆ ಸರಿದು, ನಮ್ಮಂತೆಯೇ ಕೈಮುಗಿದು, ನೆಲದ ಮೇಲೆ ಕುಳಿತರು.

ಹೂಗಳು ಬೀಳಲಿಲ್ಲ. ಎರಡೂ ತೊಯ್ದು ಕಲ್ಲಿಗೆ ಅಂಟಿಕೊಂಡಿದ್ದವು. ನಮ್ಮತ್ತೆಯವರು ಸಣ್ಣಗೆ ಅಳುತ್ತಿದ್ದರು. ಗುಟ್ಟು ಬಲ್ಲ ನಾನೂ ಮನಸ್ಸಿನಲ್ಲಿ, ಬೀಳಿಸು ತಾಯಿ, ಯಾವುದಾದರೂ ಸರಿ, ಒಂದನ್ನು ಬೀಳಿಸು ಎಂದು ಬೇಡುತ್ತಿದ್ದೆ. ಜೀವಮಾನವಿಡೀ ಟೋಪಿಗೂ ಕಾಫಿಗೂ ಹೂ ಬೀಳಿಸಿದ ಈ ಮನುಷ್ಯ, ಬೀಳಿಸಲೇಬೇಕಾದ ದಿನ ಬೆವರುತ್ತ ಕುಳಿತಿದ್ದರು. ಅಂದು ನನಗೆ ಬಂದಷ್ಟು ಹೇಸಿಗೆ ಮತ್ತೆಂದೂ ಬಂದಿಲ್ಲ.

"ಏನಾದ್ರೂ ಮಾಡಿ ದೊಡ್ಡಮಾವ, ನಿಮಗ್ ಬರತ್ತಲ್ಲ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. "ಇದು ನನ್ ಕೈಲಿ ಆಗಾದಲ್ಲ ಕಣವ್ವಾ. ಅವಳೇ ಏಳ್ಬೇಕು" ಎಂದರು.

ಅಷ್ಟರಲ್ಲಿ ಫೋನ್ ಬಂದಿತು. ವೈದ್ಯರೇ ಮಾತನಾಡುತ್ತಿದ್ದರು. ನಾನು ಗುಡಿಯ ಮೆಟ್ಟಿಲಿಗೆ ಬಂದು, ನನಗೆ ಬರುವ ಅರೆಬರೆ ಹಿಂದಿಯಲ್ಲಿ, ಮಾಡಿ ಎಂದು ಹೇಳಿದೆ. ಹೂವಿಲ್ಲದೆ ಹೇಳಿದೆ. ಒಳಗೆ ಕೂತಿದ್ದ ಆ ಪುಕ್ಕಲು ಮನುಷ್ಯನ ಮೇಲಿನ ಕೋಪ ಇಲ್ಲದಿದ್ದರೆ ಆ ಮಾತು ನನ್ನ ಬಾಯಿಂದ ಹೊರಡುತ್ತಿತ್ತೋ ಇಲ್ಲವೋ ತಿಳಿಯದು. ಮೈದುನ ನಮ್ಮನ್ನು ಮನೆಗೆ ಬಿಟ್ಟು ಅಂದೇ ಪೋಖರಾಕ್ಕೆ ಹೊರಟ.

ಪತಿಯವರು ಉಳಿದರು. ಬಲಗೈಯಲ್ಲಿ ಮಾತ್ರ ಶಕ್ತಿ ಬರಲಿಲ್ಲ. ಅವರು ಊರಿಗೆ ಬರುವ ಹೊತ್ತಿಗೆ, ಬಲಗಡೆಯ ಹೂವು ಟಪ್ಪೆಂದು ಸದ್ದುಮಾಡಿ ಬಿದ್ದ ಕಥೆ ಅರಕಲಗೂಡಿನವರೆಗೂ ಹರಡಿತ್ತು. ಹರಡಿದವರು ಯಾರೆಂದು ಪ್ರತ್ಯೇಕವಾಗಿ ತಿಳಿಸಬೇಕಿಲ್ಲ. ಉಣ್ಣೆಯ ಟೋಪಿ ಯಾಕೆ ಬಂದಿಲ್ಲವೆಂದು ಅವರು ಕೇಳಿದ್ದೂ ಉಂಟು.

ನಾನು ಒಂದು ದಿನ ಗುಡಿಯಲ್ಲಿ ಬೇರೆ ಯಾರೂ ಇಲ್ಲದಾಗ ನೇರವಾಗಿಯೇ ಕೇಳಿದೆ. ಅಂದು ಕೊನೆಗೆ ಯಾವ ಹೂ ಬಿತ್ತು, ಮತ್ತು ಎಲ್ಲರಿಗೂ ಬೀಳಿಸುವವರು ನಮಗೇಕೆ ಬೀಳಿಸಲಿಲ್ಲ?

ಅವರು ಹೆಬ್ಬೆರಳನ್ನು ನೋಡಿಕೊಂಡರು. "ಸಣ್ಣಪುಟ್ಟದ್ದಕ್ಕೆಲ್ಲ ಅವಳಿಗ್ಯಾಕೆ ತೊಂದ್ರೆ ಅಂತ ನಾನೇ ನೋಡ್ಕತಿದ್ದೆ ಕಣವ್ವಾ. ಇದು ಅವಳದ್ದೇ ಅಂತ ಬಿಟ್ಟೆ. ಯಾವ್ದು ಬಿತ್ತೋ ಗೊತ್ತಿಲ್ಲ. ನೀವು ವೋದ್ಮೇಲೆ ಬಾಗ್ಲು ಹಾಕ್ಬುಟ್ಟು ಜಗಲೀಲೇ ಬಿದ್ಕಂಡಿದ್ದೆ. ಅವನು ಕಣ್ ಬಿಟ್ಟ ಅಂತ ಸುದ್ದಿ ಬರೋಗಂಟ ಒಳೀಕ್ ಓಗಕ್ಕೆ ಧೈರ್ಯ ಬರ್ನಿಲ್ಲ. ಬಾಗ್ಲು ತೆಗ್ದಾಗ ಎರಡೂ ಕೆಳಗಿದ್ವು."

ಕೆಳಹಂತದಲ್ಲಿಯೇ ಕಡತಗಳನ್ನು ವಿಲೇವಾರಿ ಮಾಡಿ, ಮೇಲಧಿಕಾರಿಯ ಹೆಸರಿನಲ್ಲಿ ಮೆರೆಯುವ ನೌಕರರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರ ಮೇಲೆ ನನಗೆ ಗೌರವವಿಲ್ಲ, ದೊಡ್ಡಮಾವನವರ ಮೇಲೂ ಬರಲಿಲ್ಲ. ಆದರೆ ಇಷ್ಟೆಲ್ಲ ಮೋಸದ ನಡುವೆಯೂ ಅವರು ಅಮ್ಮನನ್ನು ನಂಬಿದ್ದರೆಂಬುದು ಅಂದು ಗೊತ್ತಾಯಿತು. ಮನೆಯವರೆಲ್ಲರಿಗಿಂತ ಹೆಚ್ಚಾಗಿಯೇ ನಂಬಿದ್ದರು.

ಕಳೆದ ವರ್ಷ ಅವರು ತೀರಿಕೊಂಡರು. ಬಾಯಿಗೆ ನೀರು ಬಿಡುವಾಗ ಪತಿಯವರ ಬಲಗೈ ಏಳದ ಕಾರಣ ನಾನು ಅದನ್ನು ಹಿಡಿದೆತ್ತಿದೆ. ಇಬ್ಬರೂ ಸೇರಿ ನೀರು ಬಿಟ್ಟೆವು. ದೊಡ್ಡಮಾವನವರ ಹೆಬ್ಬೆರಳು ಮೊದಲ ಬಾರಿಗೆ ಒಣಗಿತ್ತು. ಪತಿ ಅಳುತ್ತಲೇ ನನ್ನ ಕಡೆ ತಿರುಗಿ, "ಅವತ್ತು ಬಲಕ್ಕೇ ಬಿದ್ದಿದ್ದಲ್ವೇನೇ?" ಎಂದು ಕೇಳಿದರು.

"ಬಲಕ್ಕೇ ಬಿತ್ತು" ಎಂದು ಹೇಳಿದೆ. ಅಷ್ಟಕ್ಕೆಲ್ಲ ಅಮ್ಮನಿಗೇಕೆ ತೊಂದರೆ ಕೊಡುವುದು.