ಮದುವೆ ಮೆರವಣಿಗೆಯಲ್ಲಿ ಗೌಹರಬೇಗಂಳ ಮೀನುಗಾಡಿ

ಸುರಪುರದ ಗೌಹರಬೇಗಂ ಗಾಡಿ ಹೊಡೆಯಲು ಕಲಿತದ್ದು ಗಂಡನ ಸೊಂಟನೋವಿನ ದೆಸೆಯಿಂದ. ಲಾಡ್ಲೇಸಾಬನಿಗೆ ಸ್ಟೇರಿಂಗ್ ಹಿಂದೆ ಕೂತರೆ ಸೊಂಟ ಹಿಡಿಯುತ್ತಿತ್ತು. ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಕೂತರೆ ಮಾತ್ರ ಏನೂ ಆಗುತ್ತಿರಲಿಲ್ಲ. ಹೀಗಾಗಿ ನಲವತ್ತು ದಾಟಿದ ಮೇಲೆ ಆಕೆ ಲೈಸೆನ್ಸ್ ಮಾಡಿಸಿದಳು. ಓಣಿಯ ಮಂದಿ ಒಂದಷ್ಟು ದಿನ ನಕ್ಕರು, ಆಮೇಲೆ ಅವರೇ ಕೈ ಮಾಡಿ ಗಾಡಿ ನಿಲ್ಲಿಸಿ ಹತ್ತತೊಡಗಿದರು.

ಕೆಲಸ ಮೀನುಮರಿ ಸಾಗಿಸುವುದು. ಕಾಲುವೆ ಪಕ್ಕದ ಹೊಂಡಗಳಲ್ಲಿ ಬೆಳೆದ ಕಟ್ಲಾ, ರೋಹು ಮರಿಗಳನ್ನು ಶಹಾಪುರ, ಯಾದಗಿರಿ ಸುತ್ತಲಿನ ಕೆರೆಗಳಿಗೆ ಜೀವಂತ ಮುಟ್ಟಿಸಬೇಕು. ಟೆಂಪೊ ಹಿಂದೆ ಎರಡು ನೀರಿನ ಟಾಕಿ. ಅವುಗಳ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಬಿಗಿದ ಆಕ್ಸಿಜನ್ ಸಿಲಿಂಡರ್. ಅಲ್ಲಿಂದ ಸಣ್ಣ ಪೈಪುಗಳು ನೀರಿಗೆ ಇಳಿದು ಬುಳುಬುಳು ಗುಳ್ಳೆ ಬಿಡುತ್ತಿದ್ದವು. ಗುಳ್ಳೆ ನಿಂತರೆ ಮರಿಗಳ ಉಸಿರು ಕಟ್ಟುತ್ತದೆ.

ಲಾಡ್ಲೇಸಾಬ ಮೊದಲು ಗ್ಯಾರೇಜಿನಲ್ಲಿದ್ದವನು. ಜಗತ್ತಿನಲ್ಲಿ ಬಿಗಿಯಾದದ್ದು ಯಾವುದಿದ್ದರೂ ಒಂದು ಬೆರಳು ಗ್ರೀಸ್ ಹಚ್ಚಿದರೆ ಸರಿಹೋಗುತ್ತದೆ ಎಂದು ನಂಬಿದ್ದ. ಕೆಲಸಕ್ಕಿಳಿದ ಹೊಸದರಲ್ಲಿ ಸಿಲಿಂಡರಿನ ವಾಲ್ವ್ ಬಿಗಿಯಾಗಿದೆಯೆಂದು ಡಬ್ಬಿ ಹಿಡಿದು ಬಂದಿದ್ದ. ಗೌಹರಬೇಗಂ ಒಲೆಯ ಮುಂದಿನಿಂದ ಎದ್ದು ಓಡಿ ಬಂದಳು.

"ಗ್ಯಾಸಿನವ ಏನ್ ಹೇಳಿದ್ದ? ಎಣ್ಣಿ, ಗ್ರೀಸ್ ಇದರ ಹತ್ರ ಸುಳೀಬಾರ್ದು ಅಂದಿಲ್ಲೇನು? ಆಕ್ಸಿಜನ್ ಜೋರಿನಿಂದ ಬರೂ ಮುಂದ ಎಣ್ಣಿಗೆ ತಾಗಿದ್ರ ಕಡ್ಡಿ ಗೀರೋದೇ ಬ್ಯಾಡ, ತಾನ ಹತ್ತಿಕೊಂತದ!"

"ನಾ ಬರೇ ಒಂದ್ ಚೂರು..."

"ನಿಮ್ಮ ಒಂದ್ ಚೂರಿಗೇ ಮನಿ ಹಾರಿಹೋಗ್ತದ. ಆ ಡಬ್ಬಿ ಗಾಡ್ಯಾಗ ಕಂಡ್ರ ನಿಮ್ಮನ್ನೂ ಇಳಿಸಿ ಹೋಗ್ತೇನಿ."

ಅವನು ಎರಡು ದಿನ ಮುನಿಸಿಕೊಂಡಿದ್ದ. ಆದರೆ ಡಬ್ಬಿ ಮತ್ತೆ ಗಾಡಿ ಹತ್ತಲಿಲ್ಲ.

ಶ್ರಾವಣದ ಒಂದು ಮುಂಜಾನೆ ಇಬ್ಬರೂ ಟಾಕಿ ತುಂಬ ಮರಿ ಹೇರಿಕೊಂಡು ಹೊರಟರು. ಬಳಿಚಕ್ರದ ಕಡೆಯ ಒಂದು ಕೆರೆಗೆ ಬಿಡಬೇಕಿತ್ತು. ಕೆರೆ ಗುತ್ತಿಗೆ ಹಿಡಿದ ಅಂಬ್ರಪ್ಪ ನಸುಕಿನಿಂದಲೇ ಫೋನ್ ಹಚ್ಚುತ್ತಿದ್ದ. ಮೋಡ ಮುಸುಕಿತ್ತು, ತಂಪಿತ್ತು, ಮೀನಿಗೆ ಹೇಳಿ ಮಾಡಿಸಿದ ಹವಾ. ಯಾದಗಿರಿಯಲ್ಲಿ ಚಹಾ ಕುಡಿದು, ಗುಳ್ಳೆ ಬರುತ್ತಿದೆಯೇ ಎಂದು ಇಣುಕಿ ನೋಡಿ ಮುಂದೆ ಸಾಗಿದರು.

ಸಣ್ಣ ರಸ್ತೆಗೆ ಹೊರಳಿ ಸ್ವಲ್ಪ ದೂರ ಹೋಗಿದ್ದರೋ ಇಲ್ಲವೋ, ಎದುರಿಗೆ ಮದುವೆ ಮೆರವಣಿಗೆ. ಮುಂದೆ ಸಣ್ಣ ಸೇತುವೆ. ಸೌಂಡ್ ಬಾಕ್ಸ್ ಹೇರಿದ ಟ್ರ್ಯಾಕ್ಟರಿನ ಗಾಲಿ ಸೇತುವೆ ಬದಿಯ ತಗ್ಗಿಗೆ ಇಳಿದು ಕೂತಿತ್ತು. ರಸ್ತೆ ಪೂರಾ ಬಂದ್. ಹಾಡು ಮಾತ್ರ ನಿಂತಿರಲಿಲ್ಲ. ಗೌಹರಬೇಗಂ ತುಸು ದೂರದಲ್ಲೇ ಬ್ರೇಕ್ ಹಾಕಿ ರಿವರ್ಸ್ ತೆಗೆಯಬೇಕೆನ್ನುವಷ್ಟರಲ್ಲಿ ಹಿಂದೆ ಬಸ್ಸು, ಬಸ್ಸಿನ ಹಿಂದೆ ಜೀಪು, ಅದರ ಹಿಂದೆ ಕುರಿ ಹಿಂಡು.

ಅಷ್ಟರಲ್ಲಿ ಮದುಮಗನ ಗೆಳೆಯರು ಸುಮ್ಮನೆ ನಿಲ್ಲಲಾರದೆ ಸರಪಟಾಕಿ ಹಚ್ಚಿದರು.

ಆಕೆ ಒಂದೇ ಜಿಗಿತಕ್ಕೆ ಕೆಳಗಿಳಿದು, ಹಿಂದೆ ಹತ್ತಿ ಸಿಲಿಂಡರಿನ ವಾಲ್ವ್ ತಿರುಗಿಸಿ ಬಂದ್ ಮಾಡಿದಳು. ಗುಳ್ಳೆ ನಿಂತವು. ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಬೀಡಿ ಸೇದುತ್ತ ಟೆಂಪೊ ಹತ್ತಿರ ಬಂದರು. ಮದುಮಗನ ದೊಡ್ಡಪ್ಪ ಈಶಪ್ಪ.

"ಏನವ್ವ, ಮೀನೇನು? ಮದುವಿಗೆ ಬಂದಾವೇನು?"

"ಕಾಕಾ, ಮೊದಲ ಬೀಡಿ ಆರಸ್ರಿ. ಇಲ್ಲಿ ಆಕ್ಸಿಜನ್ ಅದ."

"ದವಾಖಾನ್ಯಾಗ ಮಂದಿ ಮೂಗಿಗೆ ಹಚ್ತಾರಲ್ಲ, ಅದೇ ಹೌದಿಲ್ಲೋ? ಅದೆಲ್ಲಿ ಉರೀತದ?"

"ಅದು ತಾನ ಉರಿಯಂಗಿಲ್ರಿ. ಉರಿಯೋದನ್ನ ಹುಚ್ಚು ಹಿಡದಂಗ ಉರಸ್ತದ. ನಿಮ್ಮ ಬೀಡಿ, ನಿಮ್ಮ ಪಟಕಾ, ನನ್ನ ದುಪಟ್ಟಾ, ಯಾವುದನ್ನೂ ಬಿಡಂಗಿಲ್ಲ."

ಈಶಪ್ಪ ಬೀಡಿಯನ್ನು ರಸ್ತೆಯ ಕೆಸರಿನಲ್ಲಿ ತುರುಕಿ ಚಪ್ಪಲಿಯಿಂದ ಎರಡೆರಡು ಸಲ ಒತ್ತಿದರು. ಆದರೆ ಪಟಾಕಿ ನಿಲ್ಲಲಿಲ್ಲ. ಸೌಂಡ್ ಬಾಕ್ಸಿನ ಗದ್ದಲದಲ್ಲಿ ಯಾರಿಗೆ ಯಾರ ಮಾತು ಕೇಳಬೇಕು? ಒಂದು ಕಿಡಿ ಹಾರಿ ಬಂದು ಟೆಂಪೊದ ತಾಡಪತ್ರಿಯ ಮೇಲೆ ಬಿತ್ತು. ಲಾಡ್ಲೇಸಾಬ ಮಗ್ಗಿನಿಂದ ನೀರು ಎರಚಿ ಆರಿಸಿದ. ಅಲ್ಲೊಂದು ಕಪ್ಪು ತೂತು ಉಳಿಯಿತು. ಗಂಡ ಹೆಂಡತಿ ಇಬ್ಬರೂ ಆ ತೂತನ್ನೇ ನೋಡಿದರು. ಸಿಲಿಂಡರ್ ಅಲ್ಲಿಂದ ಒಂದು ಮಾರು ದೂರವೂ ಇರಲಿಲ್ಲ.

ಟಾಕಿಯಲ್ಲಿ ಮರಿಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು.

"ಒಂದ್ ಸ್ವಲ್ಪ ತಿರುವಲೇನು? ಪಾಪ, ಸಾಯಾಕತ್ತಾವ," ಎಂದ ಲಾಡ್ಲೇಸಾಬ.

ಗೌಹರಬೇಗಂಳ ಕೈಯೂ ವಾಲ್ವಿನ ಕಡೆಗೇ ಹೋಗುತ್ತಿತ್ತು. ಮರಿಗಳ ಬಾಯಿ ನೋಡಲಾಗದೆ ಒಮ್ಮೆ ಮುಖ ತಿರುಗಿಸಿದಳು. ಸುತ್ತ ಹೊಸ ಬಟ್ಟೆ ತೊಟ್ಟ ಹೆಂಗಸರು, ಕಂಕುಳಲ್ಲಿ ಕೂಸುಗಳು. "ಬ್ಯಾಡ. ನೀರು ಎತ್ತಿ ಸುರೀರಿ, ಮ್ಯಾಲಿಂದ ಸುರೀರಿ. ಗಾಳಿ ಕೂಡ್ತದ," ಎಂದು ಒಂದು ಮಗ್ಗು ಅವನಿಗೆ ಕೊಟ್ಟು, ತಾನೊಂದು ಬಕೆಟ್ ಹಿಡಿದಳು.

ಎರಡು ಟಾಕಿಗೆ ನಾಲ್ಕು ಕೈ ಸಾಲುವುದೇ? ನೋಡುತ್ತ ನಿಂತಿದ್ದ ಈಶಪ್ಪನ ಹೆಂಡತಿ ಮಲ್ಲಿಕಮ್ಮ ಕೂಗಿದರು. "ಏ, ಸುಮ್ ಯಾಕ ನಿಂತೀರೇ? ಚರಗಿ ತರ್ರಿ!"

ಬೀಗರಿಗೆ ಕೊಡಲೆಂದು ತಂದಿದ್ದ ಹೊಳೆಯುವ ಚರಿಗೆಗಳು ಬುಟ್ಟಿಯಿಂದ ಹೊರಬಂದವು. ಹೆಂಗಸರು ಸೆರಗು ಸೊಂಟಕ್ಕೆ ಸಿಗಿಸಿ ಟೆಂಪೊ ಹತ್ತಿದರು. ಹತ್ತಲಾಗದವರು ಕೆಳಗಿನಿಂದ ಕೂಸುಗಳನ್ನು ಹಿಡಿದರು. ಎತ್ತು, ಸುರಿ, ಎತ್ತು, ಸುರಿ. ಮರಿ ಚಿಮ್ಮಿ ರೇಷ್ಮೆ ಸೀರೆಯ ಮಡಿಲಿಗೆ ಬಿದ್ದಾಗ ಒಬ್ಬಾಕೆ ಕಿಟಾರನೆ ಕಿರುಚಿದಳು. ಎಲ್ಲರೂ ನಕ್ಕರು. ಹಲಗೆ ಬಡಿಯುವವನೊಬ್ಬ ಹಲಗೆ ಬದಿಗಿಟ್ಟು ಬಂದ. ಕಡೆಗೆ ಮದುಮಗಳೂ ಬಾಸಿಂಗ ಸರಿಪಡಿಸಿಕೊಳ್ಳುತ್ತ ಮೆರವಣಿಗೆಯ ಜೀಪಿನಿಂದ ಇಳಿದು, "ನಂಗೂ ಒಂದು ಚರಗಿ ಕೊಡ್ರಿ" ಎಂದಳು.

ಆ ಕಡೆ ಈಶಪ್ಪ ಮಂದಿಯನ್ನು ತಳ್ಳಿಕೊಂಡು ಮುಂದೆ ಹೋಗಿ, ಹುಡುಗರ ಕೈಯಿಂದ ಪಟಾಕಿಯ ಪೆಟ್ಟಿಗೆ ಕಿತ್ತುಕೊಂಡರು. ಅದನ್ನು ನೆಲಕ್ಕಿಟ್ಟು ಅದರ ಮೇಲೆಯೇ ಕೂತುಬಿಟ್ಟರು.

"ದೊಡ್ಡಪ್ಪ, ಏಳ್ರಿ!"

"ಏಳಂಗಿಲ್ಲ. ಪಟಾಕಿ ಹಾರಸೂ ಉಮೇದು ಇದ್ರ ಆ ಟ್ಯಾಕ್ಟರ್ ಎತ್ರಿ ಹೋಗ್ರಿ."

ಹುಡುಗರು ಹೋಗಿ ಭುಜ ಕೊಟ್ಟರು. ಬಸ್ಸಿನ ಮಂದಿಯೂ ಇಳಿದು ಬಂದರು. ಗಾಲಿ ಮೇಲೆ ಬಂತು, ಟ್ರ್ಯಾಕ್ಟರ್ ಸೇತುವೆ ದಾಟಿ ಬದಿಗೆ ಸರಿಯಿತು.

ಈಗ ವಾಲ್ವ್ ತೆಗೆಯಬಹುದೆಂದು ಮಲ್ಲಿಕಮ್ಮ ತಾವೇ ಕೈ ಹಾಕಲು ಹೋದರು. ಗೌಹರಬೇಗಂ ಆ ಕೈಯನ್ನು ಮೆಲ್ಲಗೆ ಹಿಡಿದಳು. "ಬ್ಯಾಡ್ರಿ ಅಕ್ಕಾ, ನಿಮ್ಮ ಕೈಯಾಗ ಅರಿಷಿಣ ಎಣ್ಣಿ ಅದ. ಮತ್ತ ಇಲ್ಲಿನ್ನೂ ಮದ್ದಿನ ಹೊಗಿ ಆಡಾಕತ್ತದ. ಮುಂದ ಹೋಗಿ ತೆಗೀತೇನಿ."

ಮೆರವಣಿಗೆ ಹಿಂದೆ ಉಳಿದು, ಎರಡೂ ಕಡೆ ತೊಗರಿ ಹೊಲ ಬಂದ ಮೇಲೆ ಗಾಡಿ ನಿಲ್ಲಿಸಿದಳು. ಕೈಗೆ ಸೋಪು ಹಚ್ಚಿ ತೊಳೆದು, ಒರೆಸಿ, ವಾಲ್ವನ್ನು ಇಷ್ಟಿಷ್ಟೇ ತಿರುಗಿಸಿದಳು. ಒಂದು ಗುಳ್ಳೆ, ಆಮೇಲೆ ನಾಲ್ಕು, ಆಮೇಲೆ ಟಾಕಿ ತುಂಬ ಗುಳ್ಳೆ. ಮೇಲೆ ತೇಲುತ್ತಿದ್ದ ಮರಿಗಳು ಒಂದೊಂದಾಗಿ ಕೆಳಗಿಳಿದವು. ಎಲ್ಲವೂ ಇಳಿಯಲಿಲ್ಲ. ಸತ್ತವನ್ನು ಲಾಡ್ಲೇಸಾಬ ಜಾಲರಿಯಿಂದ ಎತ್ತಿ ಬಕೆಟಿಗೆ ಹಾಕಿದ.

ಕೆರೆಯ ಏರಿಯ ಮೇಲೆ ಅಂಬ್ರಪ್ಪ ಸಿಟ್ಟಿನಿಂದಲೇ ಕಾದಿದ್ದ. ಟಾಕಿಯೊಳಗೆ ಇಣುಕಿದರೆ ಸೇವಂತಿಗೆ ಎಸಳು, ಅಕ್ಷತೆ ಕಾಳು ತೇಲುತ್ತಿವೆ, ಕೆಳಗೆ ಮರಿಗಳು ಪಟಪಟ ಓಡಾಡುತ್ತಿವೆ.

"ಇದೇನ್ ಬೇಗಂ, ಮೀನಿನ ಲಗ್ನ ಮಾಡ್ಕೊಂಡು ಬಂದ್ರೇನು?"

"ಬೀಗರೂಟಕ್ಕ ನಿಲ್ರಿ ಅಂದ್ರು. ನೀವು ಕಾಯಾಕತ್ತೀರಿ ಅಂತ ಬಂದೆ," ಎಂದು ಆಕೆ ಆ ದಿನ ಮೊದಲ ಸಲ ನಕ್ಕಳು.

ಕೆರೆ ನೀರನ್ನು ಟಾಕಿಗೆ ಸ್ವಲ್ಪ ಸ್ವಲ್ಪ ಬೆರೆಸಿ, ಮರಿಗಳಿಗೆ ಆ ನೀರು ರೂಢಿಯಾಗಲು ಬಿಟ್ಟು, ಆಮೇಲೆ ಅವುಗಳನ್ನು ಕೆರೆಗೆ ಬಿಟ್ಟರು. ದಡದ ತೆಳುನೀರಿನಲ್ಲಿ ಮರಿಗಳು ಒಂದು ಗಳಿಗೆ ಗುಂಪಾಗಿ ನಿಂತವು. ಆಮೇಲೆ ಎಲ್ಲ ಒಮ್ಮೆಲೇ ಆಳದ ಕಡೆ ತಿರುಗಿ ಕಾಣದಾದವು. ಗೌಹರಬೇಗಂ ಸಲವಾರ್ ಮೊಳಕಾಲಿಗೆ ಏರಿಸಿಕೊಂಡು, ನೀರಿನಲ್ಲಿ ಕಾಲು ಇಳಿಬಿಟ್ಟು, ಅವು ಹೋದ ಕಡೆ ನೋಡುತ್ತ ಬಹಳ ಹೊತ್ತು ಕೂತಿದ್ದಳು.